ಗೋಡೆ ಸುಮ್ಮನಿದೆಯಾ?

ಯಾರೋ ಸೊಂಟಕ್ಕೆ ಕೈ ಹಾಕಿ ಅವಳನ್ನು ಎತ್ತಿ ಹಿಂದಕ್ಕೆ ಎಸೆದರು.

ಮೈ ಹಗುರವಾಗಿರುವ ಆ ಊರಿನಲ್ಲಿ ಎಸೆದ ಮನುಷ್ಯ ತಟ್ಟನೆ ನೆಲ ಮುಟ್ಟುವುದಿಲ್ಲ. ಅವಳು ತೇಲುತ್ತ ತೇಲುತ್ತ ಎದುರು ಗೋಡೆಗೆ ತಗುಲಿ ನಿಂತಳು. ಕಣ್ಣು ಬಿಟ್ಟು ನೋಡಿದರೆ, ಒಂದು ಗಳಿಗೆಯ ಹಿಂದೆ ತಾನು ಕಿವಿಯಿಟ್ಟು ನಿಂತಿದ್ದ ಜಾಗಕ್ಕೆ ಪಕ್ಕದ ಕೊಳವೆಯ ಕೀಲು ಬಿಚ್ಚಿ ಬಿಸಿ ಹಬೆ ಬುಸ್ಸೆಂದು ನುಗ್ಗುತ್ತಿತ್ತು. ಗೋಡೆಯ ಬಣ್ಣ ಗುಳ್ಳೆಯೆದ್ದಿತ್ತು.

ಅಲ್ಲಿ ನನ್ನ ಮುಖ ಇತ್ತು...

ಅವಳು ಅಂಗೈಯಿಂದ ಕೆನ್ನೆ ಮುಟ್ಟಿ ನೋಡಿಕೊಂಡಳು.

ಎಸೆದವನು ಕೊಳವೆಯ ತಿರುಪು ಮುಚ್ಚಿ ಈ ಕಡೆ ತಿರುಗಿದ. ಹೊಸಬ. ಕಳೆದ ವಾರದ ಹಡಗಿನಲ್ಲಿ ಬಂದಿಳಿದ ತೇಪೆಗಾರ ಇವನೇ ಇರಬೇಕು. ಭಾರದ ಲೋಕದಲ್ಲಿ ಹುಟ್ಟಿದವನೆಂದು ಅವನ ದಪ್ಪ ಮೊಣಕಾಲು, ಅಗಲ ಹೆಗಲು ನೋಡಿದರೇ ತಿಳಿಯುತ್ತಿತ್ತು.

"ಮೂರು ಸಲ ಕೂಗಿದೆ," ಎಂದ. "ನಿಮ್ಮ ಪಕ್ಕದಲ್ಲೇ ನಿಂತು ಕೂಗಿದೆ. ಕೇಳಿಸ್ಲಿಲ್ವಾ?"

"ಕೆಲಸದಲ್ಲಿದ್ದೆ. ಮನಸ್ಸೆಲ್ಲ ಗೋಡೆಲಿತ್ತು."

ಅವನ ಕಣ್ಣು ಅವಳ ಮುಖ ಬಿಟ್ಟು ಎಡಗಿವಿಯ ಕಡೆ ಹೋಗಿ, ಅಲ್ಲಿ ಒಂದಿಷ್ಟು ತಡೆದು, ಮತ್ತೆ ಮುಖಕ್ಕೆ ಬಂತು.

ಗೊತ್ತಾಗಿಹೋಯಿತು ಇವನಿಗೆ...

ಬಿಸಿ ಹಬೆಗಿಂತ ಆ ನೋಟಕ್ಕೇ ಅವಳು ಹೆಚ್ಚು ಹೆದರಿದಳು.

ಮನುಷ್ಯ ಈಗ ಎಲ್ಲಿ ಮನೆ ಮಾಡಿಲ್ಲ ಹೇಳಿ? ಕೆಲವರು ಕೆಂಪು ಮಣ್ಣಿನ ಕೆಳಗೆ, ಕೆಲವರು ಮೋಡದ ಮೇಲೆ ತೇಲುವ ತೊಟ್ಟಿಗಳಲ್ಲಿ, ಕೆಲವರು ಬಂಡಿಗಾಲಿಯ ಹಾಗೆ ತಿರುಗುತ್ತಲೇ ಇರುವ ದೊಡ್ಡ ಚಕ್ರದೂರಿನಲ್ಲಿ. ದೇವರು ಕೊಟ್ಟ ಉಸಿರನ್ನು ಬುತ್ತಿಯ ಹಾಗೆ ಗಂಟು ಕಟ್ಟಿಕೊಂಡು ಹೊರಟವರು ಇವರೆಲ್ಲ. ನಮ್ಮ ಕಥೆಯ ಊರು ಒಂದು ಪುಟ್ಟ ಹಿಮದ ಲೋಕದ ಹೊಟ್ಟೆಯೊಳಗಿತ್ತು. ಸೂರ್ಯ ಅಲ್ಲಿಗೆ ಬಟಾಣಿ ಕಾಳಿನಷ್ಟು. ಚಕ್ರದೂರಿನ ದೊಡ್ಡಮ್ಮನಿಗೆ ಊಟ ಆಯ್ತಾ ಎಂದು ಕೇಳಿದರೆ ಮಾತು ತಲುಪಲು ಮುಕ್ಕಾಲು ಗಂಟೆ, ಉತ್ತರ ಬರಲು ಮತ್ತೆ ಮುಕ್ಕಾಲು ಗಂಟೆ. ಆಯ್ತು ಎನ್ನುವ ಉತ್ತರ ಬರುವಷ್ಟರಲ್ಲಿ ಕೇಳಿದವರಿಗೇ ಹಸಿವಾಗಿರುತ್ತಿತ್ತು.

ಊರೆಂದರೆ ಹನ್ನೊಂದು ಓಣಿ. ಲೋಹದ ಹಲಗೆಗಳನ್ನು ಸಾಲಾಗಿ ಬೆಸೆದ ಗೋಡೆ. ಗೋಡೆಯ ಆಚೆ ಗಾಳಿಯೇ ಇಲ್ಲ. ಬೆಸುಗೆ ಕೂದಲೆಳೆಯಷ್ಟು ಬಿಟ್ಟರೂ ಓಣಿಯ ಉಸಿರು ಹೊರಗೆ ಹೋಗಲು ದಾರಿಯಾಯಿತು. ಕೂದಲೆಳೆ ಯಾವ ಗಳಿಗೆಯಲ್ಲಿ ಬಾಯಿ ತೆರೆಯುತ್ತದೋ ಯಾರೂ ಹೇಳುವಂತಿಲ್ಲ. ಏಳನೇ ಓಣಿ ಹಾಗೆ ಬಾಯಿ ತೆರೆದು ಇಪ್ಪತ್ತು ವರ್ಷವಾಗಿತ್ತು. ಅದರ ಬಾಗಿಲನ್ನು ಹೊರಗಿನಿಂದ ಬೆಸೆದುಬಿಟ್ಟಿದ್ದರು. ಅವಳ ಅಪ್ಪ ಅಮ್ಮ ಇದ್ದದ್ದು ಆ ಓಣಿಯಲ್ಲಿ.

ಹಿರಿಯರು ಹಾವಿನ ಹೆಸರೆತ್ತದೆ ಹುಳ ಎನ್ನುವ ಹಾಗೆ, ಆ ಊರಿನವರು ಸೋರಿಕೆ ಎಂಬ ಮಾತನ್ನೇ ಆಡುತ್ತಿರಲಿಲ್ಲ. ‘ಗೋಡೆ ಮಾತಾಡ್ತು’ ಎನ್ನುತ್ತಿದ್ದರು, ಅದೂ ಸಣ್ಣ ದನಿಯಲ್ಲಿ.

ಗಾಳಿ ಇಳಿಯುತ್ತಿದೆ ಎಂದು ಯಂತ್ರ ಹೇಳುತ್ತಿತ್ತು. ಎಲ್ಲಿ ಎಂದು ಕಿವಿಯೇ ಹೇಳಬೇಕು. ಗೋಡೆಗೂ ಕಿವಿ ಇರುತ್ತೆ ಎಂಬ ಗಾದೆ ಅಲ್ಲಿ ಗಾದೆಯಲ್ಲ, ನೌಕರಿ. ಮೊದಲು ಅವಳ ಅಜ್ಜಿಯದು, ಈಗ ಅವಳದು. ಅದಕ್ಕೇ ಊರೆಲ್ಲ ಅವಳನ್ನು ಕಿವಿ ಎಂದೇ ಕರೆಯುತ್ತಿದ್ದರು. ಬೆಸುಗೆಯ ಮುಂದೆ ಕಣ್ಣು ಮುಚ್ಚಿ ನಿಂತು ಕೇಳುವುದು. ಸುಮ್ಮನಿದ್ದರೆ ಸೀಮೆಸುಣ್ಣದಲ್ಲಿ ಒಂದು ಚುಕ್ಕಿ, ಮಾತಾಡಿದರೆ ಒಂದು ಗೆರೆ. ಗೆರೆ ಕಂಡಲ್ಲಿ ತೇಪೆಗಾರ ಬಂದು ತೇಪೆ ಹಾಕುತ್ತಿದ್ದ.

ಐದು ತಿಂಗಳ ಹಿಂದೆ ಅವಳಿಗೆ ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಎಡಗಿವಿಯನ್ನು ಜೊತೆಗೆ ಕರೆದುಕೊಂಡು ಹೋಯಿತು.

ಒಂದು ಕಿವಿ ಸಾಲದೇ ಎನ್ನಬಹುದು. ಸದ್ದು ಕೇಳಲು ಒಂದು ಸಾಕು. ಸದ್ದು ಯಾವ ಕಡೆಯದು ಎಂದು ತಿಳಿಯಲು ಎರಡು ಬೇಕು. ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೂ ಬಾಯಿ ಬಿಟ್ಟಿರಲಿಲ್ಲ. ದುಡಿಯುವ ಕೈ ಒಂದೂ ಉಳಿಯದ ಮನೆಯವರನ್ನೆಲ್ಲ ಚಕ್ರದೂರಿಗೆ ಕಳಿಸುವುದು ಅಲ್ಲಿನ ನಿಯಮ. ಚಕ್ರದೂರಿನಲ್ಲಿ ಮೈ ಭಾರ. ಎಪ್ಪತ್ತಾರು ವರ್ಷ ಹಗುರ ಲೋಕದಲ್ಲೇ ಕಳೆದ ಅಜ್ಜಿಯ ಮೂಳೆ ಒಣಕಡ್ಡಿಯ ಹಾಗಾಗಿತ್ತು. ಅಲ್ಲಿ ಎದ್ದು ನಿಂತರೆ ಅದೇ ಕೊನೆ ಎಂದು ವೈದ್ಯ ಮುಚ್ಚುಮರೆಯಿಲ್ಲದೆ ಹೇಳಿದ್ದ.

ಹೇಳಿದರೆ ಅಜ್ಜಿ ಉಳಿಯುವುದಿಲ್ಲ. ಹೇಳದಿದ್ದರೆ... ಊರು?

ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ದೇವರೇ, ನನ್ನ ಕೈಯಿಂದ ಇನ್ನೊಂದು ಏಳನೇ ಓಣಿ ಆಗದಿರಲಿ ಎಂದು ಬೇಡಿಕೊಂಡೇ ಪ್ರತಿ ಚುಕ್ಕಿ ಇಡುತ್ತಿದ್ದಳು.

ಈಗ ಈ ತೇಪೆಗಾರ ಬಂದು ಒಂದೇ ನೋಟದಲ್ಲಿ ಹಿಡಿದುಬಿಟ್ಟಿದ್ದ.

ದಿನ ಕಳೆದವು, ಅವನು ಯಾರಿಗೂ ಹೇಳಲಿಲ್ಲ. ಹೇಳದೆ ಇರುವುದೇ ಅವಳಿಗೆ ಹೆಚ್ಚಿನ ಭಯ ತಂದಿತು. ಅವಳು ಓಣಿಗಳ ಸುತ್ತಿಗೆ ಹೊರಟರೆ ಅವನೂ ಹಿಂದೆಯೇ ಬರುತ್ತಿದ್ದ. ಗೆರೆ ಎಳೆಯುವುದರೊಳಗೆ ಡಬ್ಬಿ ತೆರೆದು ತೇಪೆಯ ಅಂಟು ಕಲಸುತ್ತಿದ್ದ. ಅವಳು ಚುಕ್ಕಿಯಿಟ್ಟು ಮುಂದೆ ಹೋದ ಬೆಸುಗೆಯ ಮುಂದೆ ತಾನೂ ನಿಂತು ಕಣ್ಣು ಮುಚ್ಚುತ್ತಿದ್ದ. ಏನು ಮಾಡುತ್ತಿದ್ದೀರಿ ಎಂದರೆ, ಸುಮ್ಮನೆ, ನಿದ್ದೆ ಬರುತ್ತಿದೆ ಎನ್ನುತ್ತಿದ್ದ.

ಮನೆಗೂ ಬಂದ. ಅಜ್ಜಿಯ ಕುರ್ಚಿಯ ಕಾಲು ಸರಿಮಾಡಿದ. ಹಗುರವಾಗಿ ಹೆಜ್ಜೆಯಿಡುವುದನ್ನು ಇನ್ನೂ ಕಲಿಯದವನು ನಡೆದಾಡಿದರೆ ಮೇಜಿನ ಮೇಲಿನ ಲೋಟಗಳು ಕುಣಿಯುತ್ತಿದ್ದವು. ಇವನನ್ನು ಅಳಿಯ ಮಾಡಿಕೊಂಡವರು ಪಾತ್ರೆಗಳನ್ನೆಲ್ಲ ಕಟ್ಟಿಹಾಕಬೇಕು ಎಂದು ಅಜ್ಜಿ ಅವನ ಮುಖದ ಮೇಲೆಯೇ ಅಂದುಬಿಟ್ಟಳು. ಅವನು ಕಿವಿಯವರೆಗೂ ಕೆಂಪಾದ. ಅವಳಿಗೆ ನಗು ಬಂತು. ಜ್ವರ ಬಿಟ್ಟ ಮೇಲೆ ಬಂದ ಮೊದಲ ನಗು... ನಕ್ಕ ಮೇಲೆ ಎದೆಯಲ್ಲಿ ಏನೋ ಕದಲಿತು. ಅದಕ್ಕೂ ಹೆದರಿದಳು.

ಹಾಗಿರುವಾಗ ಒಂದು ದಿನ ಅವಳು ಅದನ್ನು ಕಂಡಳು.

ನಾಲ್ಕನೇ ಓಣಿಯ ಕೊಳವೆಯನ್ನು ಉಜ್ಜಿ ಹೊಳಪಿಟ್ಟಿದ್ದರು. ಅವಳು ಬಲಗಿವಿಯನ್ನು ಗೋಡೆಗೆ ಕೊಟ್ಟು ಬಾಗಿದ್ದಳು. ಕೊಳವೆಯ ಹೊಳಪಿನಲ್ಲಿ ಅವನ ಬಿಂಬ ಕಂಡಿತು. ಎಡಗಡೆ, ಹತ್ತಿರದಲ್ಲೇ ನಿಂತಿದ್ದಾನೆ. ತುಟಿ ಆಡುತ್ತಿದೆ. ಏನೋ ಹೇಳುತ್ತಿದ್ದಾನೆ, ಹೇಳಿ, ಅವಳ ಮುಖವನ್ನೇ ನೋಡುತ್ತ ಕಾಯುತ್ತಿದ್ದಾನೆ.

ಅವಳು ತಲೆಯೆತ್ತದೆ ಗೋಡೆಗೇ ಕಿವಿ ಒತ್ತಿದಳು.

ಮರುದಿನವೂ ಹಾಗೆಯೇ. ಅದರ ಮರುದಿನವೂ.

ಪರೀಕ್ಷೆ ಮಾಡುತ್ತಿದ್ದಾನೆ! ಕೇಳಿಸುತ್ತದೋ ಇಲ್ಲವೋ ಎಂದು ದಿನಾ ಅಳೆಯುತ್ತಿದ್ದಾನೆ. ಕುರ್ಚಿ, ನಗು, ಎಲ್ಲವೂ ಇದಕ್ಕೇ...

ಉಳಿದ ಅನುಮಾನವನ್ನು ಬೀಗದಮ್ಮ ಕಳೆದಳು. ಓಣಿಗಳ ಬಾಗಿಲೆಲ್ಲ ಅವಳ ವಶ; ಊರಿನಲ್ಲಿ ಅವಳ ಮಾತೇ ಕೊನೆ. ಯಾವಾಗಲೂ ನಾಲ್ಕು ಕೆಲಸ ಒಟ್ಟಿಗೆ ಮಾಡುವ ಹೆಂಗಸು, ಆ ದಿನವೂ ಒಂದು ಬಾಗಿಲಿಗೆ ಎಣ್ಣೆ ಬಿಡುತ್ತಲೇ, "ನಿನ್ನ ತೇಪೆಗಾರ ಅರ್ಜಿ ಕೊಟ್ಟಿದಾನೆ ಕಣೇ," ಎಂದಳು. "ನಿನ್ನ ಕೆಲಸ ಕೇಳ್ತಿದಾನೆ. ಮುಂದಿನ ಹಡಗು ಬರೋದ್ರೊಳಗೆ ಹೇಳ್ತೀನಿ ಅಂದಿದೀನಿ."

ಹಡಗಿಗೆ ಹನ್ನೆರಡು ದಿನವಿತ್ತು.

ಅವಳು ನೇರ ಅವನ ಕೆಲಸದ ಕೋಣೆಗೆ ಹೋದಳು. ಅವನು ತೇಪೆಯ ಹಾಳೆಗಳನ್ನು ಅಳತೆಗೆ ಕತ್ತರಿಸುತ್ತಿದ್ದ.

"ನನ್ನ ಕೆಲಸ ಬೇಕಿತ್ತು ನಿಮಗೆ. ಬಾಯಿಬಿಟ್ಟು ಕೇಳಿದ್ರೆ ಆಗ್ತಿರ್ಲಿಲ್ವಾ? ದಿನಾ ಎಡಗಡೆ ನಿಂತು ಬಾಯಿ ಆಡಿಸಿ ನೋಡ್ತಿದ್ರಲ್ಲ, ಕೊಳವೆಲಿ ಎಲ್ಲಾ ಕಾಣ್ತಿತ್ತು ನಂಗೆ."

ಅವನ ಕೈಯಿಂದ ಕತ್ತರಿ ಜಾರಿತು. ಆ ಊರಿನ ರೀತಿಯಲ್ಲಿ ನಿಧಾನವಾಗಿ ನೆಲಕ್ಕಿಳಿಯಿತು.

"ನೋಡಿದ್ರಾ..." ಎಂದ. ಮುಖದ ರಕ್ತವೆಲ್ಲ ಇಳಿದುಹೋಗಿತ್ತು.

ಸಿಕ್ಕಿಬಿದ್ದ ಕಳ್ಳನ ಮುಖ ಇನ್ನು ಹೇಗಿರುತ್ತದೆ? ಅವಳು ತಿರುಗಿ ನಡೆದಳು. ಅವನು ಹಿಂದಿನಿಂದ ಏನೇನೋ ಹೇಳಿದ. ಅವಳು ಬಲಗಿವಿಯನ್ನೂ ಅಂಗೈಯಿಂದ ಮುಚ್ಚಿಕೊಂಡಳು.

ಒಂಬತ್ತು ದಿನ ಮಾತಿಲ್ಲ. ಅವಳು ಗೆರೆ ಎಳೆಯುವುದು, ಅವನು ದೂರದಿಂದ ಕಾದಿದ್ದು ಬಂದು ತೇಪೆ ಹಾಕುವುದು, ಅಷ್ಟೇ. ಮನೆಯಲ್ಲಿ ಲೋಟಗಳು ಕುಣಿಯಲಿಲ್ಲ. ಅವನೆಲ್ಲಿ ಎಂದು ಅಜ್ಜಿ ಎರಡು ಸಲ ಕೇಳಿದಳು, ಮೂರನೆಯ ಸಲ ಕೇಳಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಶಾಲೆಯ ಓಣಿಯ ಗಂಟೆ ಹೊಡೆಯಿತು. ಗಾಳಿ ಇಳಿದಿತ್ತು.

ಬೀಗದಮ್ಮ ಮೂವತ್ತೆರಡು ಮಕ್ಕಳನ್ನು ತರಗತಿಯಿಂದ ಹೊರಡಿಸಿ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿದಳು. ಮಕ್ಕಳಿಗೆ ಕಥೆ ಹೇಳಲು ಬಂದಿದ್ದ ಅಜ್ಜಿಯೂ ಅವರ ನಡುವೆ ಕೂತಿದ್ದಳು. ಕಿವಿ, ತೇಪೆಗಾರ ಒಳಗೆ ಬಂದ ಮೇಲೆ ಓಣಿಯ ಹೊರಬಾಗಿಲನ್ನು ಗೋಡೆ ಸುಮ್ಮನಾಗುವವರೆಗೆ ತೆರೆಯುವಂತಿಲ್ಲ, ಆ ಕೋಣೆಯ ಗಾಳಿ ಅಷ್ಟು ಜನಕ್ಕೆ ಒಂದು ಗಂಟೆಗೂ ಸಾಲದು.

ಕಿವಿ ತರಗತಿಯ ನಡುವೆ ನಿಂತು ಕಣ್ಣು ಮುಚ್ಚಿದಳು.

ಕೇಳಿಸಿತು. ಹಲ್ಲಿನ ಸಂದಿಯಲ್ಲಿ ಉಸಿರೆಳೆದ ಹಾಗೆ, ಸಣ್ಣಗೆ... ಸ್ಸ್‌ಸ್... ಎಲ್ಲಿಂದ? ಎಲ್ಲ ಕಡೆಯಿಂದಲೂ ಬಂದ ಹಾಗಿತ್ತು. ತಿರುಗಿ ತಿರುಗಿ ಕೇಳಿದಳು. ಒಂಬತ್ತನೇ ಬೆಸುಗೆಯ ಕಡೆ ಬಲಗಿವಿ ತಿರುಗಿದಾಗ ತುಸು ಜೋರಾದಂತೆ ಅನಿಸಿತು. ಹೌದೋ ಅಲ್ಲವೋ... ಗೆರೆ ಎಳೆದಳು.

ತೇಪೆಗಾರ ಅವಳ ಮುಖ ನೋಡಿದ, ಗೆರೆ ನೋಡಿದ, ತೇಪೆ ಹಾಕಿದ. ಬೀಗದಮ್ಮ ಹೊಸ ಗಾಳಿ ತುಂಬಿದಳು. ಯಂತ್ರದ ಮುಳ್ಳು ಮೇಲೇರಿ ನಿಂತಿತು. ಆದರೆ ಇದು ಕೂದಲೆಳೆ. ಮುಳ್ಳು ಮತ್ತೆ ಇಳಿದು ತೋರಿಸಲು ಅರ್ಧ ದಿನ ಬೇಕು.

ಅದಕ್ಕೇ ಅಲ್ಲೊಂದು ಕಟ್ಟಳೆಯಿತ್ತು. ಜನರನ್ನು ಒಳಗೆ ಬಿಡುವ ಮೊದಲು ಬೀಗದಮ್ಮ ಮೂರು ಸಲ ಕೇಳಬೇಕು, ಕಿವಿಯಾದವಳು ಮೂರು ಸಲ ಉತ್ತರಿಸಬೇಕು.

"ಗೋಡೆ ಸುಮ್ಮನಿದೆಯಾ?"

ಸ್ಸ್‌ಸ್... ಇನ್ನೂ ಇತ್ತು. ಅಥವಾ ತನ್ನ ಕಿವಿಯೊಳಗಿನ ಸದ್ದೋ?

"ಸುಮ್ಮನಿದೆ."

"ಗೋಡೆ ಸುಮ್ಮನಿದೆಯಾ?"

ಸಣ್ಣ ಕೋಣೆಯಿಂದ ಅಜ್ಜಿಯ ದನಿ ಕೇಳುತ್ತಿತ್ತು. ಅರ್ಧಕ್ಕೆ ನಿಂತ ಕಥೆಯನ್ನು ಮುಂದುವರಿಸುತ್ತಿದ್ದಳು. ಯಾವುದೋ ಮಗು ನಕ್ಕಿತು.

"ಸುಮ್ಮ... ಸುಮ್ಮನಿದೆ."

"ಗೋಡೆ ಸುಮ್ಮನಿದೆಯಾ?"

ಏಳನೇ ಓಣಿಯ ಮುಚ್ಚಿದ ಬಾಗಿಲು ಕಣ್ಣ ಮುಂದೆ ಬಂತು. ದೇವರೇ, ಅಜ್ಜಿಯನ್ನು ಉಳಿಸಲು ಹೋಗಿ ಅಜ್ಜಿಯನ್ನೇ ಈ ಗೋಡೆಯ ಪಕ್ಕ ಕೂರಿಸುತ್ತಿದ್ದೇನೆ...

"ಇಲ್ಲ," ಎಂದಳು. "ಸುಮ್ಮನಿಲ್ಲ ಅಮ್ಮ. ಇನ್ನೂ ಮಾತಾಡ್ತಿದೆ. ಎಲ್ಲಿ ಅಂತ ನಂಗೆ ಗೊತ್ತಾಗ್ತಿಲ್ಲ. ನಂಗೆ... ಎಡಗಿವಿ ಕೇಳಲ್ಲ. ಎಂಟು ತಿಂಗಳಾಯ್ತು."

ಬೀಗದಮ್ಮನ ಕೈಯಲ್ಲಿದ್ದ ಕೀಲಿಗೊಂಚಲು ಸದ್ದು ಮಾಡಿತು. ಅವಳ ಬಾಯಿಂದ ಮಾತು ಹೊರಡುವ ಮೊದಲೇ ಬಾಗಿಲ ಸಂದಿಯಿಂದ ಅಜ್ಜಿ ತಲೆ ಹಾಕಿದಳು.

"ಮೊದ್ಲು ಗೋಡೆ ನೋಡಿ. ಬೈಯೋದು ಎಲ್ಲಿಗೂ ಓಡಿಹೋಗಲ್ಲ, ಆಮೇಲೆ ಬೈದ್ರಾಯ್ತು."

ತೇಪೆಗಾರ ಆಗಲೇ ಅವಳ ಹತ್ತಿರಕ್ಕೆ ಬಂದಿದ್ದ. ಎಡಕ್ಕಲ್ಲ, ಎದುರಿಗೆ, ಅವಳಿಗೆ ತುಟಿ ಕಾಣುವ ಹಾಗೆ.

"ನನ್ನ ಕಿವಿ ಎರಡೂ ನೆಟ್ಟಗಿವೆ. ಆದ್ರೆ ನಿನ್ನಷ್ಟು ಸೂಕ್ಷ್ಮ ಇಲ್ಲ. ಮೂರು ತಿಂಗಳಿಂದ ನಿನ್ನ ಹಿಂದೆ ನಿಂತು ಕೇಳಿ ಕೇಳಿ ಅಭ್ಯಾಸ ಮಾಡ್ಕೊಂಡಿದೀನಿ. ಈಗ ಏನು ಮಾಡ್ಲಿ ಹೇಳು."

ಅವನು ‘ನೀನು’ ಅಂದದ್ದನ್ನು ಇಬ್ಬರೂ ಗಮನಿಸಲಿಲ್ಲ.

ಅವಳು ಯೋಚಿಸಿದಳು. ಅಜ್ಜಿ ಕಲಿಸಿದ ವಿದ್ಯೆಯಲ್ಲಿ ಇದು ಇರಲಿಲ್ಲ. ಅವನನ್ನು ತನ್ನ ಎಡಕ್ಕೆ ನಿಲ್ಲಿಸಿಕೊಂಡು, ಬಗ್ಗು ಎಂದು ಹೇಳಿ, ತಲೆಗೆ ತಲೆ ಆನಿಸಿದಳು. ಬಲಗಡೆಗೆ ಅವಳ ಬಲಗಿವಿ, ಎಡಗಡೆಗೆ ಅವನ ಎಡಗಿವಿ. ಇಬ್ಬರು ಸೇರಿ ಒಂದು ತಲೆ. ಕೈ ಹಿಡಿದುಕೊಂಡಳು. ಸದ್ದು ಜೋರಾದಷ್ಟೂ ಕೈಯನ್ನು ಗಟ್ಟಿಯಾಗಿ ಒತ್ತಬೇಕು, ಇಬ್ಬರ ಒತ್ತೂ ಒಂದೇ ಸಮ ಆದರೆ ಸದ್ದು ನೇರ ಮುಂದಿದೆ ಎಂದು ಹೇಳಿಕೊಟ್ಟಳು.

ಕಣ್ಣು ಮುಚ್ಚಿ ಇಬ್ಬರೂ ನಿಧಾನವಾಗಿ ತಿರುಗಿದರು. ಅವನ ಕೈ ಗಟ್ಟಿಯಾಯಿತು, ಅವಳದು ಸಡಿಲ. ಎಡಕ್ಕೆ. ಇನ್ನೂ ಎಡಕ್ಕೆ. ಈಗ ಅವಳದು ಗಟ್ಟಿ. ತುಸು ಹಿಂದಕ್ಕೆ... ಅವನ ಅಂಗೈ ಬೆವರಿತ್ತು. ಅವನ ಕತ್ತಿನ ನಾಡಿ ಅವಳ ಕೆನ್ನೆಗೆ ಬಡಿಯುತ್ತಿತ್ತು. ಇಷ್ಟು ಭಾರದ ಮನುಷ್ಯನೂ ನನ್ನಷ್ಟೇ ಹೆದರಿದ್ದಾನೆ ಎಂದು ಅವಳಿಗೆ ಆಗ ತಿಳಿಯಿತು.

ಒಂದೇ ಸಮ.

ಕಣ್ಣು ಬಿಟ್ಟರೆ ಎದುರಿಗೆ ಮಕ್ಕಳು ಚೀಲ ತೂಗುಹಾಕುವ ಕೊಕ್ಕೆಗಳ ಸಾಲು. ಕೊನೆಯ ಕೊಕ್ಕೆ ಹೊಸದು. ಈ ತಿಂಗಳು ಸೇರಿದ ಮಗುವಿಗೆಂದು ಯಾರೋ ಅದರ ತಿರುಪನ್ನು ನೇರ ಬೆಸುಗೆಗೇ ಬಿಗಿದಿದ್ದರು. ಅದರ ಮೇಲೆ ಒಂದು ಹಳದಿ ಚೀಲ ತೂಗಾಡುತ್ತಿತ್ತು. ಚೀಲ ತೆಗೆದು ಅವಳು ಕಿವಿಯಿಟ್ಟಳು.

ಗೋಡೆ ಮಾತಾಡುತ್ತಿತ್ತು.

ಗೆರೆ ಎಳೆಯುವಾಗ ಸೀಮೆಸುಣ್ಣ ಎರಡು ತುಂಡಾಯಿತು. ಅವನು ತೇಪೆ ಒತ್ತಿ ಹಿಡಿದ. ಸದ್ದು ಸಣ್ಣಗಾಯಿತು... ಇನ್ನೂ ಸಣ್ಣಗಾಯಿತು... ನಿಂತಿತು.

ಆಮೇಲೆ ಬೀಗದಮ್ಮ ಮೂರು ಸಲ ಕೇಳಿದಳು. ಇಬ್ಬರೂ ಒಟ್ಟಿಗೆ ಮೂರು ಸಲ ಉತ್ತರಿಸಿದರು.

ಬೈಗುಳ ಎಲ್ಲಿಗೂ ಓಡಿಹೋಗಿರಲಿಲ್ಲ. ಸಂಜೆ ಬೀಗದಮ್ಮ ತನ್ನ ಕೋಣೆಗೆ ಕರೆಸಿ ಚೆನ್ನಾಗಿಯೇ ಬೈದಳು. ಎಂಟು ತಿಂಗಳಲ್ಲಿ ಇಟ್ಟ ಚುಕ್ಕಿಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಕೇಳಿದಳು. ನಮ್ಮನ್ನು ಕಳಿಸಬೇಕಾದರೆ ನನ್ನೊಬ್ಬಳನ್ನೇ ಕಳಿಸಿ, ಅಜ್ಜಿಯನ್ನು ಇಲ್ಲೇ ಬಿಡಿ ಎಂದು ಮಾತ್ರ ಅವಳು ಬೇಡಿಕೊಂಡಳು.

ಬೀಗದಮ್ಮ ಒಂದು ಕಾಗದ ತೆಗೆದು ಅವಳ ಮುಂದೆ ಸರಿಸಿದಳು. ತೇಪೆಗಾರನ ಅರ್ಜಿ. ‘ಕಿವಿಯವರ ಕೆಲಸ ಕಲಿಯಲು, ಅವರ ಕೈಕೆಳಗೆ, ಅವರು ಹೋದ ಸುತ್ತಿಗೆಲ್ಲ ಜೊತೆಗೆ ಹೋಗಲು ಅನುಮತಿ ಕೊಡಬೇಕು’ ಎಂದು ವಕ್ರ ಅಕ್ಷರದಲ್ಲಿ ಬರೆದಿತ್ತು. ಎಡಗಿವಿಯ ಸುದ್ದಿಯೇ ಅದರಲ್ಲಿ ಇರಲಿಲ್ಲ.

"ನೀವು... ನನ್ನ ಕೆಲಸ ಕೇಳ್ತಿದಾನೆ ಅಂದ್ರಲ್ಲ?"

"ಕೇಳ್ತಿದಾನೆ ಅಂದೆ. ಕಿತ್ಕೋತಿದಾನೆ ಅಂದ್ನಾ? ಇಡೀ ಊರಿನ ಗೋಡೆ ಕೇಳ್ತೀಯ, ಮನುಷ್ಯರ ಮಾತು ಅರ್ಧಕ್ಕೇ ಬಿಡ್ತೀಯ."

ತೀರ್ಪು ಹೀಗಾಯಿತು. ಇನ್ನು ಮುಂದೆ ಒಬ್ಬೊಬ್ಬರೇ ಸುತ್ತಿಗೆ ಹೋಗುವ ಹಾಗಿಲ್ಲ. ಒಂದು ಕೆಲಸಕ್ಕೆ ಎರಡು ಜನ, ಒಬ್ಬರಿಗೆ ಜ್ವರ ಬಂದರೆ ಇಬ್ಬರೂ ಮಲಗಬೇಕು. ಮಾಡಿದ ಸುಳ್ಳನ್ನು ಅವಳೇ ಹತ್ತು ಓಣಿಯಲ್ಲಿ ನಿಂತು ಜನಕ್ಕೆ ಹೇಳಬೇಕು. ಎಂಟು ತಿಂಗಳ ಚುಕ್ಕಿಗಳನ್ನೆಲ್ಲ ಅಳಿಸಿ ಪ್ರತಿ ಬೆಸುಗೆಯನ್ನೂ ಮತ್ತೆ ಕೇಳಬೇಕು. ಅಜ್ಜಿ ತನ್ನ ಕುರ್ಚಿಯಲ್ಲೇ ಇರಲಿ.

ಅವಳು ಹತ್ತು ಓಣಿಯಲ್ಲೂ ನಿಂತು ಹೇಳಿದಳು. ಕೆಲವರು ಮುಖ ತಿರುಗಿಸಿದರು. ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಎದುರಿನಿಂದ ಎದ್ದುಹೋದಳು. ಅದು ಅವಳಿಗೆ ಸಲ್ಲಬೇಕಾದದ್ದೇ. ತಲೆ ತಗ್ಗಿಸಿ ತೆಗೆದುಕೊಂಡಳು.

ಹಡಗು ಬಂತು, ಅಜ್ಜಿ ಮೊಮ್ಮಗಳನ್ನು ಅಲ್ಲೇ ಬಿಟ್ಟು ಹೋಯಿತು. ಆ ದಿನ ಅವಳೂ ತೇಪೆಗಾರನೂ ಎರಡನೇ ಓಣಿಯಲ್ಲಿ ತಲೆಗೆ ತಲೆ ಕೊಟ್ಟು ನಿಂತಿದ್ದರು. ಇಪ್ಪತ್ತಾರನೇ ಬೆಸುಗೆಗೆ ಚುಕ್ಕಿಯಿಟ್ಟು ಅವಳು ಕೇಳಿದಳು.

"ಒಂದು ಮಾತು. ಪರೀಕ್ಷೆ ಅಲ್ಲ ಅಂದ್ಮೇಲೆ, ದಿನಾ ಎಡಗಡೆ ನಿಂತು ಏನು ಹೇಳ್ತಿದ್ದೆ?"

ಅವನು ತೇಪೆಯ ಡಬ್ಬಿಯ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

"ಬಲಗಡೆ ನಿಂತು ಹೇಳೋ ಧೈರ್ಯ ಇರ್ಲಿಲ್ಲ," ಎಂದ. "ಕೇಳಿಸಲ್ಲ ಅಂತ ಗೊತ್ತಿತ್ತಲ್ಲ, ಅದಕ್ಕೇ ಅಲ್ಲಿ ಹೇಳ್ತಿದ್ದೆ. ತಪ್ಪು ಅಂತ ಗೊತ್ತು. ಹೇಳದೆ ಇರಕ್ಕಾಗ್ತಿರ್ಲಿಲ್ಲ."

ಅವಳಿಗೆ ಕಾಲು ನೆಲಕ್ಕೆ ತಾಕಿದ ಹಾಗೇ ಇರಲಿಲ್ಲ. ತಾನು ಹೆದರಿ ಹೆದರಿ ಸತ್ತ ಆ ದಿನಗಳಲ್ಲೆಲ್ಲ, ತನ್ನ ಸತ್ತ ಕಿವಿಯ ಬಾಗಿಲಲ್ಲಿ...

"ಬಲಗಡೆ ಬಾ," ಎಂದಳು.

ಅವನು ಬಂದ. ಹಗುರವಾಗಿ ಹೆಜ್ಜೆಯಿಡಲು ನೋಡಿ, ಆಗದೆ, ಧಡಧಡ ಎಂದೇ ಬಂದ. ಬಾಗಿ ಮೆಲ್ಲಗೆ ಹೇಳಿದ. "ನೀನು ಇರೋ ಓಣಿಲೇ ಇರ್ಬೇಕು ನಾನು. ಕೊನೆವರೆಗೂ."

ಅವಳ ಕಣ್ಣು ತುಂಬಿತ್ತು.

"ಭಯ ಆಗುತ್ತೆ," ಎಂದಳು.

"ಯಾತಕ್ಕೆ?"

"ಇಷ್ಟು ದಿನ ಅಜ್ಜಿ ಒಬ್ಬಳಿಗಾಗಿ ಹೆದರ್ತಿದ್ದೆ. ಇನ್ಮೇಲೆ ನಿನ್ನನ್ನೂ ಸೇರಿಸಿ ಹೆದರ್ಬೇಕಲ್ಲ."

ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. "ಅಂದ್ರೆ... ಒಪ್ಪಿಗೆನಾ?"

"ಮೆತ್ತಗೆ ಮಾತಾಡು," ಎಂದು ಅವಳು ಅವನ ತೋಳು ಹಿಡಿದು ಇಪ್ಪತ್ತೇಳನೇ ಬೆಸುಗೆಯ ಮುಂದೆ ನಿಲ್ಲಿಸಿದಳು. "ಒಪ್ಪಿಗೆ. ಈಗ ಬಗ್ಗು, ಗೋಡೆ ಕೇಳ್ಬೇಕು."